ಬೇರೆಯವರಿಗಾಗಿ ಬರೆದ ಮಾತಿನ ಹೊಣೆ

ಮನುಷ್ಯನಿಗೆ ಮಾತು ಕಲಿಸಿದುದನ್ನು ಪವಿತ್ರ ಕುರ್‌ಆನಿನ 55ನೇ ಅಧ್ಯಾಯವು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಆರಂಭದಲ್ಲೇ ಎಣಿಸುತ್ತದೆ. ಅನುಗ್ರಹ ಇದ್ದಲ್ಲಿ ಲೆಕ್ಕವೂ ಇದೆ. ಬಾಯಿಂದ ಹೊರಡುವ ಪ್ರತಿಯೊಂದು ಮಾತೂ ದಾಖಲಾಗುತ್ತಿದೆಯೆಂದು 50ನೇ ಅಧ್ಯಾಯವು ಎಚ್ಚರಿಸುತ್ತದೆ. ಚಾಡಿ, ಪರನಿಂದೆ, ಸುಳ್ಳು ಸಾಕ್ಷ್ಯಗಳ ವಿಷಯ ಬಂದಾಗ ಈ ಎಚ್ಚರಿಕೆ ನಮಗೆ ನೆನಪಾಗುತ್ತದೆ. ಆದರೆ ಮಾತನ್ನೇ ಕಸುಬಾಗಿಸಿಕೊಂಡು, ಇತರರ ಪರವಾಗಿ ಮಾತಾಡಿ ಸಂಬಳ ಪಡೆಯುವ ಉದ್ಯೋಗವೊಂದಿದೆ. ಅದುವೇ ಸಾರ್ವಜನಿಕ ಸಂಪರ್ಕ.

ನಮ್ಮ ಮನೆಗಳ ಯುವಕ ಯುವತಿಯರೂ ಇಂದು ಈ ಉದ್ಯೋಗಕ್ಕೆ ಬರುತ್ತಿದ್ದಾರೆ. ಆಸ್ಪತ್ರೆ, ಕಾಲೇಜು, ಬ್ಯಾಂಕು, ಕಟ್ಟಡ ನಿರ್ಮಾಣ ಕಂಪೆನಿ, ಸೇವಾ ಸಂಸ್ಥೆ ಮುಂತಾದೆಡೆಗಳಲ್ಲಿ ಪಿ.ಆರ್.ಓ. ಆಗಿ ಸೇರುತ್ತಾರೆ. ಪತ್ರಿಕಾ ಹೇಳಿಕೆ ಬರೆಯುವುದು, ಪತ್ರಕರ್ತರ ಪ್ರಶ್ನೆಗೆ ಉತ್ತರಿಸುವುದು, ದೂರುಗಳಿಗೆ ಸಮಾಧಾನ ಹೇಳುವುದು, ಸಂಸ್ಥೆಯ ಹೆಸರಿನಲ್ಲಿ ಮೊಬೈಲಿನ ಜಾಲತಾಣಗಳಲ್ಲಿ ಬರೆಯುವುದು ಅವರ ಕೆಲಸ. ಸೇರಿದ ಕೆಲವೇ ದಿನಗಳಲ್ಲಿ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ಮಾತು ಸಂಸ್ಥೆಯದು, ನಾನು ಬರೆದು ಕೊಡುವವನು ಮಾತ್ರ. ಅದು ಸುಳ್ಳಾದರೆ ನನ್ನ ಮೇಲೇಕೆ ಹೊಣೆ?’

ಈ ಪಾಠದ ವಿಷಯ ಇದೇ ಪ್ರಶ್ನೆ. ಹೊಸಬನ ಮುಂದೆ ದೊಡ್ಡ ವಂಚನೆಯ ಪ್ರಸ್ತಾಪವನ್ನು ಯಾರೂ ಇಡುವುದಿಲ್ಲ. ಅವನ ಮುಂದೆ ಬರುವುದು ಎರಡು ಸಾಲಿನ ಹೇಳಿಕೆ, ಒಂದು ಅಂಕಿ, ಒಂದು ಸಣ್ಣ ಬದಲಾವಣೆ. ನಿರ್ಧಾರ ಆಗಬೇಕಾದುದು ಅಲ್ಲಿಯೇ.

ಕಸುಬಿನಲ್ಲಿ ದೋಷವಿಲ್ಲ

ಇತರರ ಪರವಾಗಿ ಮಾತಾಡುವುದು ತಪ್ಪೆಂದು ಯಾರೂ ಭಾವಿಸಬೇಕಾಗಿಲ್ಲ. ಮಕ್ಕಾದ ಹಿಂಸೆಯನ್ನು ತಾಳಲಾರದೆ ಅಬಿಸೀನಿಯಕ್ಕೆ ವಲಸೆ ಹೋದ ಮುಸ್ಲಿಮರನ್ನು ಮರಳಿ ಒಪ್ಪಿಸಿಕೊಡಬೇಕೆಂದು ಕುರೈಶರು ಅಲ್ಲಿನ ದೊರೆ ನಜಾಶಿಯ ಬಳಿಗೆ ದೂತರನ್ನು ಕಳುಹಿಸಿದರು. ಆಗ ವಲಸಿಗರ ವಕ್ತಾರರಾಗಿ ನಿಂತವರು ಹ. ಜಅ್‌ಫರ್ ಬಿನ್ ಅಬೂತಾಲಿಬ್(ರ). ಆಸ್ಥಾನ ಕ್ರೈಸ್ತರದು. ಕುರ್‌ಆನಿನಿಂದ ಏನಾದರೂ ಓದೆಂದಾಗ ಅವರು ಮರ್ಯಮ್ ಅಧ್ಯಾಯದ ಆರಂಭವನ್ನು ಓದಿದರು. ಕೇಳುವವರಿಗೆ ಹತ್ತಿರವಾದ ಮಾತನ್ನು ಅವರು ಆರಿಸಿಕೊಂಡರು.

ಮರುದಿನ ಕುರೈಶರ ದೂತರು ಇನ್ನೊಂದು ಬಾಣ ಹೂಡಿದರು. ಹ. ಈಸಾ(ಅ)ರ ಕುರಿತು ಇವರ ನಂಬಿಕೆಯೇನೆಂದು ಕೇಳಿ ನೋಡಿರೆಂದು ದೊರೆಗೆ ಸೂಚಿಸಿದರು. ವಲಸಿಗರು ತಮ್ಮೊಳಗೆ ಸಮಾಲೋಚಿಸಿದರು. ಉತ್ತರ ದೊರೆಗೆ ಹಿಡಿಸದಿದ್ದರೆ ಮತ್ತೆ ಮಕ್ಕಾದ ಹಿಂಸೆಯ ಬಾಯಿಗೆ ಬೀಳಬೇಕಾಗಿತ್ತು. ಆದರೂ, ಏನೇ ಆಗಲಿ, ತಮಗೆ ಕಲಿಸಲಾದುದನ್ನೇ ಹೇಳುವುದೆಂದು ನಿರ್ಧರಿಸಿದರು. ಈಸಾ(ಅ) ಅಲ್ಲಾಹನ ದಾಸ ಮತ್ತು ಸಂದೇಶವಾಹಕರೆಂದು ಜಅ್‌ಫರ್(ರ) ಸ್ಪಷ್ಟವಾಗಿ ನುಡಿದರು. ನಜಾಶಿ ಅವರಿಗೆ ಅಭಯ ನೀಡಿದರು.

ಈ ಒಂದೇ ಘಟನೆಯಲ್ಲಿ ವಕ್ತಾರನಿಗೆ ಎರಡು ಪಾಠಗಳಿವೆ. ಕೇಳುವವರ ಮನಸ್ಸನ್ನು ಅರಿತು ಮಾತನ್ನು ಆರಿಸುವುದು ಸರಿ. ಆದರೆ ನೇರವಾಗಿ ಪ್ರಶ್ನಿಸಿದಾಗ ಲಾಭಕ್ಕಾಗಿ ಸತ್ಯವನ್ನು ತಿರುಚುವುದು ಸರಿಯಲ್ಲ. ಮನವೊಲಿಸುವುದಕ್ಕೂ ಮೋಸಗೊಳಿಸುವುದಕ್ಕೂ ಇರುವ ಅಂತರ ಇದೇ ಆಗಿದೆ.

ಒಳ್ಳೆಯ ಘೋಷಣೆಯೂ ಸಾಲದು

ಆಧುನಿಕ ಸಾರ್ವಜನಿಕ ಸಂಪರ್ಕದ ಚರಿತ್ರೆಯನ್ನು ಓದುವವರು ಮೊದಲು ಕೇಳುವ ಹೆಸರುಗಳಲ್ಲೊಂದು ಅಮೆರಿಕದ ಐವಿ ಲೀಯವರದು. 1906ರಲ್ಲಿ ಅವರು ಪತ್ರಿಕಾ ಸಂಪಾದಕರಿಗೆ ತಮ್ಮ ತತ್ವಗಳ ಘೋಷಣೆಯೊಂದನ್ನು ಕಳುಹಿಸಿದರು. ತಮ್ಮ ಕೆಲಸ ಗುಟ್ಟಿನದಲ್ಲ, ತಾವು ಕೊಡುವ ಮಾಹಿತಿ ನಿಖರವಾಗಿರುವುದು, ಅದನ್ನು ಪರಿಶೀಲಿಸಲು ಸಂಪಾದಕರಿಗೆ ನೆರವಾಗುವೆವು ಎಂಬುದು ಅದರ ಸಾರ. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯಾಗಿತ್ತು.

ಎಂಟು ವರ್ಷಗಳ ನಂತರ, 1914ರ ಏಪ್ರಿಲ್ 20ರಂದು, ಕೊಲರಾಡೋ ರಾಜ್ಯದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆಯಿತು. ಡೇರೆಗಳಿಗೆ ಬೆಂಕಿ ಬಿದ್ದಾಗ ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರು ಮತ್ತು 11 ಮಕ್ಕಳು ಸತ್ತರು. ಗಣಿಯ ಪ್ರಮುಖ ಕಂಪೆನಿ ರಾಕೆಫೆಲರ್ ಕುಟುಂಬದ ಹಿಡಿತದಲ್ಲಿತ್ತು. ಜನಾಭಿಪ್ರಾಯವನ್ನು ಸರಿಪಡಿಸಲು ಕುಟುಂಬವು ಐವಿ ಲೀಯವರನ್ನು ನೇಮಿಸಿಕೊಂಡಿತು. ಅವರು ದೇಶದಾದ್ಯಂತ ಕರಪತ್ರಗಳನ್ನು ಹಂಚಿಸಿದರು. ಅವುಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸಿದ್ದೂ ಸೇರಿದಂತೆ ಅನೇಕ ಸುಳ್ಳುಗಳಿದ್ದವು.

1915ರಲ್ಲಿ ಸರಕಾರದ ಆಯೋಗವೊಂದು ಲೀಯವರನ್ನು ವಿಚಾರಣೆಗೆ ಕರೆಯಿತು. ಗಣಿ ಮಾಲಕರು ಕೊಟ್ಟ ಸಂಗತಿಗಳು ನಿಜವೇ ಎಂದು ತಿಳಿಯಲು ತಾವು ಸ್ವತಃ ಯಾವ ಪ್ರಯತ್ನ ಮಾಡಿದಿರಿ ಎಂದು ಪ್ರಶ್ನಿಸಲಾಯಿತು. ಯಾವ ಪ್ರಯತ್ನವನ್ನೂ ಮಾಡಲಿಲ್ಲವೆಂದು ಅವರು ಒಪ್ಪಿಕೊಂಡರು.

ಲೀ ಸುಳ್ಳು ಕಟ್ಟಿದವರಲ್ಲ, ಕೊಟ್ಟದ್ದನ್ನು ದಾಟಿಸಿದವರು ಎಂದು ಯಾರಾದರೂ ವಾದಿಸಬಹುದು. ಆದರೆ ಆ ಕರಪತ್ರಗಳನ್ನು ಓದಿದವರಿಗೆ ಈ ವ್ಯತ್ಯಾಸದಿಂದ ಏನು ಪ್ರಯೋಜನ? ಮಕ್ಕಳನ್ನು ಕಳೆದುಕೊಂಡ ಗಣಿ ಕಾರ್ಮಿಕನಿಗೆ ಏನು ಪ್ರಯೋಜನ? ಸುದ್ದಿಯೊಂದು ಬಂದಾಗ ಪರೀಕ್ಷಿಸಿರಿ, ಇಲ್ಲವಾದರೆ ಅರಿಯದೆ ಯಾರಿಗೋ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತು ಎಂಬ ಆದೇಶ ಕುರ್‌ಆನಿನ 49ನೇ ಅಧ್ಯಾಯದ 6ನೇ ಸೂಕ್ತದಲ್ಲಿದೆ. ಸುದ್ದಿ ಕೇಳುವವನಿಗೇ ಇಷ್ಟು ಹೊಣೆಯಿದ್ದರೆ, ಅದನ್ನು ಸಾವಿರಾರು ಜನರಿಗೆ ಮುಟ್ಟಿಸುವವನಿಗೆ ಎಷ್ಟಿರಬೇಕು?

ನಿರ್ಧಾರದ ನಾಲ್ಕು ಮೆಟ್ಟಿಲುಗಳು

ಇಂತಹ ಸಂದರ್ಭಗಳಲ್ಲಿ ಕ್ರಮವಾಗಿ ಯೋಚಿಸುವ ಒಂದು ವಿಧಾನವನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರದ ಅಧ್ಯಾಪಕರಾಗಿದ್ದ ರಾಲ್ಫ್ ಪಾಟರ್ 1960ರ ದಶಕದಲ್ಲಿ ರೂಪಿಸಿದರು. ಪತ್ರಿಕೋದ್ಯಮ ಹಾಗೂ ಸಾರ್ವಜನಿಕ ಸಂಪರ್ಕದ ವಿದ್ಯಾರ್ಥಿಗಳಿಗೆ ಅದನ್ನು ಇಂದಿಗೂ ಕಲಿಸಲಾಗುತ್ತದೆ. ಅದರಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಸಂಗತಿ, ಮೌಲ್ಯ, ತತ್ವ ಮತ್ತು ನಿಷ್ಠೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಖಾಸಗಿ ಆಸ್ಪತ್ರೆಯೊಂದರಲ್ಲಿ ತರುಣಿಯೊಬ್ಬಳು ಪಿ.ಆರ್.ಓ. ಆಗಿ ಸೇರಿ ಎರಡು ತಿಂಗಳಾಗಿದೆ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಒಂದೇ ವಾರದಲ್ಲಿ ಮೂವರು ರೋಗಿಗಳಿಗೆ ಸೋಂಕು ತಗಲಿದೆಯೆಂಬ ಮಾತು ಹೊರಗೆ ಹಬ್ಬಿದೆ. ಪತ್ರಕರ್ತರೊಬ್ಬರು ಫೋನ್ ಮಾಡುತ್ತಾರೆ. ಆಡಳಿತಾಧಿಕಾರಿ ಹೇಳುತ್ತಾರೆ: “ಅಂಥದ್ದೇನೂ ಇಲ್ಲವೆಂದು ಎರಡು ಸಾಲು ಬರೆದು ಕಳಿಸಿಬಿಡಮ್ಮ.” ಅವಳು ಏನು ಮಾಡಬೇಕು?

1. ಸಂಗತಿ ಏನು? ಅವಳು ಮೊದಲು ವಾರ್ಡಿನ ವೈದ್ಯರನ್ನೂ ದಾದಿಯರನ್ನೂ ಕೇಳಬೇಕು. ಎಷ್ಟು ಮಂದಿಗೆ ಸೋಂಕಾಗಿದೆ? ಪ್ರಯೋಗಾಲಯದ ವರದಿ ಬಂದಿದೆಯೇ? ಆ ವಾರ್ಡಿಗೆ ಇನ್ನೂ ರೋಗಿಗಳನ್ನು ಸೇರಿಸಲಾಗುತ್ತಿದೆಯೇ? ತಿಳಿದಿರುವುದು, ತಿಳಿಯದಿರುವುದು ಎಂದು ಎರಡು ಪಟ್ಟಿಗಳನ್ನು ಬರೆದುಕೊಳ್ಳಬೇಕು. ಅರಿವಿಲ್ಲದ ವಿಷಯದ ಹಿಂದೆ ಬೀಳಬಾರದೆಂದು 17ನೇ ಅಧ್ಯಾಯದ 36ನೇ ಸೂಕ್ತವು ಆದೇಶಿಸುತ್ತದೆ. ಕಿವಿ, ಕಣ್ಣು, ಹೃದಯಗಳ ಬಗ್ಗೆ ವಿಚಾರಣೆ ಇದೆಯೆಂದೂ ಅಲ್ಲಿ ಎಚ್ಚರಿಸಲಾಗಿದೆ. ಅನೇಕ ಸಂದರ್ಭಗಳಲ್ಲಿ ಈ ಮೊದಲ ಮೆಟ್ಟಿಲಿನಲ್ಲೇ ಅರ್ಧ ತೊಡಕು ಬಗೆಹರಿಯುತ್ತದೆ. ಏಕೆಂದರೆ ಸುಳ್ಳು ಹೇಳಲು ಹೇಳಿದವರಿಗೇ ಎಷ್ಟೋ ಸಲ ಪೂರ್ತಿ ಸಂಗತಿ ಗೊತ್ತಿರುವುದಿಲ್ಲ.

2. ಯಾವ ಮೌಲ್ಯಗಳು ಎದುರುಬದುರಾಗಿವೆ? ಆಸ್ಪತ್ರೆಯ ಹೆಸರು ಉಳಿಯಬೇಕು. ಅಲ್ಲಿ ನೂರಾರು ಮಂದಿಯ ಅನ್ನವಿದೆ. ರೋಗಿಗಳ ಹೆಸರು ಹೊರಬೀಳಬಾರದು. ಹೊಸ ರೋಗಿಗಳ ಪ್ರಾಣಕ್ಕೆ ಅಪಾಯ ಆಗಬಾರದು. ಇವೆಲ್ಲವೂ ಬೆಲೆಯುಳ್ಳವೇ. ಆದರೆ ಎಲ್ಲದರ ತೂಕ ಒಂದೇ ಅಲ್ಲ. ಹೆಸರು ಕೆಟ್ಟರೆ ಮತ್ತೆ ಗಳಿಸಬಹುದು, ಹೋದ ಪ್ರಾಣ ಬಾರದು.

3. ಯಾವ ತತ್ವ ಅನ್ವಯಿಸುತ್ತದೆ? ಸತ್ಯವನ್ನು ಅಸತ್ಯದೊಂದಿಗೆ ಬೆರೆಸಬಾರದು, ತಿಳಿದೂ ಸತ್ಯವನ್ನು ಬಚ್ಚಿಡಬಾರದು ಎಂಬುದು 2ನೇ ಅಧ್ಯಾಯದ 42ನೇ ಸೂಕ್ತದ ಬೋಧನೆ. ನ್ಯಾಯಕ್ಕಾಗಿ, ಸ್ವಂತದವರ ವಿರುದ್ಧವಾದರೂ ಸಾಕ್ಷಿ ನಿಲ್ಲಬೇಕೆಂಬುದು 4ನೇ ಅಧ್ಯಾಯದ 135ನೇ ಸೂಕ್ತದ ಬೋಧನೆ. ಈ ಕಸುಬಿನವರು ತಾವೇ ಒಪ್ಪಿಕೊಂಡ ನಿಯಮಗಳೂ ಇದಕ್ಕೆ ದೂರವಲ್ಲ. ಅಂತಾರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ಸಂಘವು 1965ರಲ್ಲಿ ಅಥೆನ್ಸ್ ನಗರದಲ್ಲಿ ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ನಡೆದ ಅಖಿಲ ಭಾರತ ಸಮ್ಮೇಳನದಲ್ಲಿ ನಮ್ಮ ದೇಶದವರೂ ನೀತಿಸಂಹಿತೆಯನ್ನು ಸ್ವೀಕರಿಸಿದರು. ಏಪ್ರಿಲ್ 21ನ್ನು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾಗಿ ಆಚರಿಸುವುದು ಅದೇ ಕಾರಣಕ್ಕೆ. ಆದುದರಿಂದ ಸತ್ಯ ಹೇಳುತ್ತೇನೆ ಎನ್ನುವ ತರುಣಿ ತನ್ನ ಕಸುಬಿಗೆ ಹೊರತಾದುದನ್ನೇನೂ ಕೇಳುತ್ತಿಲ್ಲ.

4. ನಿಷ್ಠೆ ಯಾರಿಗೆ? ಸಂಬಳ ಕೊಡುವವರಿಗೆ ನಿಷ್ಠೆ ಸಲ್ಲಬೇಕು, ಸಂಶಯವಿಲ್ಲ. ಆದರೆ ರೋಗಿಗೂ, ಹೇಳಿಕೆಯನ್ನು ನಂಬಿ ಮುದ್ರಿಸುವ ಪತ್ರಕರ್ತನಿಗೂ, ಅದನ್ನು ಓದಿ ತಾಯಿಯನ್ನು ಆ ವಾರ್ಡಿಗೆ ಸೇರಿಸುವ ಮಗನಿಗೂ ಅವಳು ಹೊಣೆಗಾರಳು. ಎಲ್ಲಕ್ಕೂ ಮಿಗಿಲಾಗಿ ಅಲ್ಲಾಹನ ಮುಂದೆ ಉತ್ತರಿಸಬೇಕಾಗಿದೆ. ಅವನ ಆಜ್ಞೆಯನ್ನು ಮೀರಿ ಯಾವ ಮನುಷ್ಯನ ಅನುಸರಣೆಯೂ ಇಲ್ಲವೆಂಬುದು ಪ್ರವಾದಿವರ್ಯರ(ಸ) ಶಿಕ್ಷಣ.

ನಾಲ್ಕು ಮೆಟ್ಟಿಲು ಏರಿದ ಮೇಲೆ ಅವಳ ಹೇಳಿಕೆ ಹೀಗಿರಬಹುದು: ಮೂವರಿಗೆ ಸೋಂಕು ಕಂಡುಬಂದಿದೆ, ಅವರಿಗೆ ಚಿಕಿತ್ಸೆ ನಡೆಯುತ್ತಿದೆ, ಆ ವಾರ್ಡಿಗೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಲಾಗಿದೆ, ಕಾರಣವನ್ನು ಪರೀಕ್ಷಿಸಲಾಗುತ್ತಿದೆ, ನಾಳೆ ಇಂತಹ ಹೊತ್ತಿಗೆ ಮುಂದಿನ ಮಾಹಿತಿ ಕೊಡಲಾಗುವುದು. ಇದರಲ್ಲಿ ರೋಗಿಗಳ ಹೆಸರಿಲ್ಲ, ಯಾರ ಮೇಲೂ ದೂರಿಲ್ಲ, ಗಾಬರಿ ಹುಟ್ಟಿಸುವ ಮಾತಿಲ್ಲ, ಸುಳ್ಳೂ ಇಲ್ಲ. ಆಸ್ಪತ್ರೆಯು ನಿಜವಾಗಿಯೂ ಇಷ್ಟನ್ನು ಮಾಡಿದ್ದರೆ ಮಾತ್ರ ಇದನ್ನು ಬರೆಯಬಹುದು ಎಂಬುದನ್ನೂ ನೆನಪಿಡಬೇಕು. ವಾರ್ಡನ್ನು ಮುಚ್ಚದೆ ಮುಚ್ಚಿದೆವೆಂದು ಬರೆಯುವಂತಿಲ್ಲ. ಹೀಗೆ ಒಂದು ಪ್ರಾಮಾಣಿಕ ಹೇಳಿಕೆ ಕೆಲವೊಮ್ಮೆ ಸಂಸ್ಥೆಯನ್ನೇ ಸರಿಯಾದ ಕೆಲಸಕ್ಕೆ ಹಚ್ಚುತ್ತದೆ.

ಹೊಸಬರು ಜಾರುವ ಸ್ಥಳಗಳು

ಅರ್ಧ ಸತ್ಯ: ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲವೆಂದೂ ಎಚ್ಚರಿಸಿದರು. ಆ ವ್ಯಾಪಾರಿ ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಜೋಡಣೆಯಲ್ಲಿಯೇ ವಂಚನೆ ಇತ್ತು.

1954ರ ಜನವರಿ 4ರಂದು ಅಮೆರಿಕದ ಸಿಗರೇಟು ಕಂಪೆನಿಗಳು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪ್ರಕಟಿಸಿದ ಹೇಳಿಕೆಯೂ ಅಂತಹುದೇ. ಅದರ ಹಿಂದೆ ಹಿಲ್ ಆ್ಯಂಡ್ ನೋಲ್ಟನ್ ಎಂಬ ಪ್ರಸಿದ್ಧ ಸಾರ್ವಜನಿಕ ಸಂಪರ್ಕ ಸಂಸ್ಥೆಯ ಸಲಹೆಯಿತ್ತು. ಜನರ ಆರೋಗ್ಯವೇ ತಮಗೆ ಮುಖ್ಯ, ಸಂಶೋಧನೆಗೆ ನೆರವಾಗುವೆವು ಎಂಬ ಸೌಮ್ಯ ಮಾತುಗಳು ಅದರಲ್ಲಿದ್ದವು. ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ಸಂಬಂಧವನ್ನು ವೈದ್ಯರು ಅಷ್ಟರಲ್ಲೇ ಎತ್ತಿ ತೋರಿಸಿದ್ದರು. ಆದರೆ ಜನರ ಮನಸ್ಸಿನಲ್ಲಿ ಸಂದೇಹ ಉಳಿಯುವಂತೆ ಮಾಡಲಾಯಿತು. 2006ರಲ್ಲಿ ಅಮೆರಿಕದ ನ್ಯಾಯಾಲಯವು ಈ ಕಂಪೆನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ತೀರ್ಪಿತ್ತಿತು. ಅಷ್ಟರಲ್ಲಿ ಒಂದು ತಲೆಮಾರೇ ಕಳೆದು ಹೋಗಿತ್ತು.

ಮಾತಾಡುವವರ ಗುರುತನ್ನು ಮರೆಮಾಚುವುದು: 1990ರ ಅಕ್ಟೋಬರ್ 10ರಂದು 15 ವರ್ಷದ ಕುವೈತಿ ಬಾಲಕಿಯೊಬ್ಬಳು ಅಮೆರಿಕದ ಸಂಸದರ ಮಾನವ ಹಕ್ಕುಗಳ ಗುಂಪಿನ ಮುಂದೆ ಕಣ್ಣೀರಿಟ್ಟಳು. ಇರಾಕಿ ಸೈನಿಕರು ಆಸ್ಪತ್ರೆಯಲ್ಲಿ ಶಿಶುಗಳನ್ನು ಇನ್‌ಕ್ಯುಬೇಟರುಗಳಿಂದ ತೆಗೆದು ನೆಲದ ಮೇಲೆ ಬಿಟ್ಟು ಸಾಯಿಸಿದರೆಂದು ಹೇಳಿದಳು. ಅಧ್ಯಕ್ಷ ಬುಷ್ ಈ ಕಥೆಯನ್ನು ಮತ್ತೆ ಮತ್ತೆ ಹೇಳಿದರು. 1991ರ ಜನವರಿಯಲ್ಲಿ ಸೆನೆಟ್ 52-47 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ನೀಡಿತು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂಬುದು ಜನರಿಗೆ ತಿಳಿದದ್ದು 1992ರ ಜನವರಿಯಲ್ಲಿ. ಈ ಪ್ರಚಾರವನ್ನು ನಡೆಸಿದ್ದೂ ಹಿಲ್ ಆ್ಯಂಡ್ ನೋಲ್ಟನ್ ಸಂಸ್ಥೆಯೇ. ಶಿಶುಗಳ ಆ ಕಥೆಗೆ ಆಧಾರ ದೊರೆಯಲಿಲ್ಲ. ಕುವೈತಿನ ಜನರು ಅನುಭವಿಸಿದ ಅನ್ಯಾಯ ನಿಜವಾಗಿತ್ತು. ನಿಜವಾದ ಅನ್ಯಾಯಕ್ಕೂ ಸುಳ್ಳಿನ ಊರುಗೋಲು ಕೊಟ್ಟರೆ ಆಮೇಲೆ ನಿಜವನ್ನೂ ಜನ ನಂಬುವುದಿಲ್ಲ.

ಇದರ ಸಣ್ಣ ರೂಪಗಳು ಇಂದು ಹೊಸಬರ ಕೈಯಲ್ಲೇ ಇವೆ. ಗಿರಾಕಿಯ ಹೆಸರಿನಲ್ಲಿ ತಾವೇ ಹೊಗಳಿಕೆ ಬರೆಯುವುದು, ಹಣ ಕೊಟ್ಟು ಮಾಡಿಸಿದ ಪ್ರಚಾರವನ್ನು ಸ್ವಂತ ಅಭಿಪ್ರಾಯವೆಂದು ತೋರಿಸುವುದು ಮುಂತಾದವು. ಇದು ಪ್ರಚಾರವೆಂದು ಸ್ಪಷ್ಟವಾಗಿ ಸೂಚಿಸಬೇಕೆಂದು ಭಾರತದ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ಜಾಲತಾಣಗಳ ಪ್ರಚಾರಕರಿಗೆ ನಿಯಮ ಮಾಡಿದೆ.

ಲಕೋಟೆ ಮತ್ತು ಉಡುಗೊರೆ: ಪತ್ರಿಕಾಗೋಷ್ಠಿ ಮುಗಿದ ಮೇಲೆ ಪತ್ರಕರ್ತರ ಕೈಗೆ ಲಕೋಟೆ ಕೊಡಲು ಹೊಸಬನಿಗೆ ಹೇಳಬಹುದು. ‘ಎಲ್ಲರೂ ಕೊಡುತ್ತಾರೆ’ ಎಂಬ ಸಮಾಧಾನವೂ ಜೊತೆಗಿರುತ್ತದೆ. ಝಕಾತ್ ಸಂಗ್ರಹಿಸಲು ಹೋದವರೊಬ್ಬರು ಮರಳಿ ಬಂದು, ಇಷ್ಟು ನಿಮಗೆ, ಇದು ನನಗೆ ಸಿಕ್ಕಿದ ಉಡುಗೊರೆ ಎಂದಾಗ, ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ಇದೇ ಅಳತೆಗೋಲು ಇಂದಿಗೂ ಸಾಕು. ಆ ವ್ಯಕ್ತಿ ಪತ್ರಕರ್ತನಲ್ಲದಿದ್ದರೆ ನಾವು ಲಕೋಟೆ ಕೊಡುತ್ತಿದ್ದೆವೇ?

ಜನರ ನಡುವೆ ಒಡಕು: ದಕ್ಷಿಣ ಆಫ್ರಿಕದ ಗುಪ್ತಾ ಕುಟುಂಬದ ಕಂಪೆನಿಗಾಗಿ ಲಂಡನ್ನಿನ ಬೆಲ್ ಪಾಟಿಂಜರ್ ಸಂಸ್ಥೆಯು 2016ರಲ್ಲಿ ಪ್ರಚಾರ ಕೈಗೊಂಡಿತು. ಆ ಪ್ರಚಾರವು ಜನಾಂಗಗಳ ನಡುವಿನ ವೈಮನಸ್ಸನ್ನು ಕೆರಳಿಸಿತೆಂಬ ದೂರಿನ ಮೇಲೆ ಬ್ರಿಟನ್ನಿನ ವೃತ್ತಿಸಂಘವು 2017ರ ಸೆಪ್ಟೆಂಬರಿನಲ್ಲಿ ಅದನ್ನು ಹೊರಹಾಕಿತು. ಗಿರಾಕಿಗಳು ಕೈಬಿಟ್ಟರು. ಅದೇ ತಿಂಗಳು ಸಂಸ್ಥೆ ಕುಸಿಯಿತು. ಜನಾಂಗ, ಜಾತಿ, ಧರ್ಮಗಳ ದ್ವೇಷವನ್ನು ಬಂಡವಾಳ ಮಾಡಿಕೊಳ್ಳುವ ಯಾವ ಕೆಲಸಕ್ಕೂ ಎಷ್ಟೇ ಸಂಬಳವಿದ್ದರೂ ಕೈಹಾಕಬಾರದು. ಆ ದ್ವೇಷ ನಮ್ಮವರ ಪರವಾಗಿದ್ದರೂ ಸರಿಯೇ.

ಗುಟ್ಟು ಬೇರೆ, ಬಚ್ಚಿಡುವುದು ಬೇರೆ

ಹಾಗಾದರೆ ತಿಳಿದದ್ದನ್ನೆಲ್ಲ ಹೇಳಬೇಕೇ? ಇಲ್ಲ. ರೋಗಿಯ ಕಾಯಿಲೆ, ನೌಕರನ ಮನೆಯ ವಿಷಯ, ವ್ಯಾಪಾರದ ಯೋಜನೆ ಇವೆಲ್ಲ ಅಮಾನತ್ತುಗಳು. ಅವುಗಳನ್ನು ಕಾಪಾಡುವುದು ಧರ್ಮವೇ ಆಗಿದೆ. ‘ಈ ವಿಷಯವನ್ನು ನಾವು ಹೇಳುವಂತಿಲ್ಲ’ ಎನ್ನುವುದು ಪ್ರಾಮಾಣಿಕ ಉತ್ತರ. ‘ಅಂಥದ್ದೇನೂ ಇಲ್ಲ’ ಎನ್ನುವುದು ಸುಳ್ಳು. ಒಂದು ಪರೀಕ್ಷೆ ಹೀಗಿದೆ: ಈ ವಿಷಯವನ್ನು ಹೇಳದಿರುವುದರಿಂದ ಯಾರಿಗಾದರೂ ಅವರಿಗೆ ತಿಳಿಯದಂತೆ ಹಾನಿಯಾಗುತ್ತದೆಯೇ? ಆಗುವುದಾದರೆ ಅದು ಗುಟ್ಟಲ್ಲ, ರಾಶಿಯೊಳಗಿನ ಒದ್ದೆ ಧಾನ್ಯ.

ತಪ್ಪಾದಾಗ ತಿದ್ದುವುದು

1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿದ 7 ಮಂದಿ ಸತ್ತರು. ಯಾರೋ ಅಂಗಡಿಯಲ್ಲಿದ್ದ ಮಾತ್ರೆಗಳಿಗೆ ಸಯನೈಡ್ ಬೆರೆಸಿದ್ದರು. ತಯಾರಕರಾದ ಜಾನ್ಸನ್ ಆ್ಯಂಡ್ ಜಾನ್ಸನ್ ಸಂಸ್ಥೆಯು ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ವಾಪಸು ತರಿಸಿತು. ಅದಕ್ಕೆ 10 ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಯಿತು. ಇದನ್ನು ಎಲ್ಲರೂ ಹೇಳುತ್ತಾರೆ. ಹೊಸಬರು ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ಕಾರ್ಖಾನೆಯಲ್ಲಿ ಸಯನೈಡ್ ಇಲ್ಲವೆಂದು ಸಂಸ್ಥೆಯ ವಕ್ತಾರರು ಮೊದಲು ಪತ್ರಕರ್ತರಿಗೆ ಹೇಳಿದ್ದರು. ಆಮೇಲೆ ಗುಣಮಟ್ಟದ ಪರೀಕ್ಷೆಗಾಗಿ ಪ್ರಯೋಗಾಲಯದಲ್ಲಿ ಅದನ್ನು ಸ್ವಲ್ಪ ಬಳಸಲಾಗುತ್ತಿದೆಯೆಂದು ತಿಳಿಯಿತು. ಸಾವುಗಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಅವರು ಮೊದಲ ಮಾತನ್ನು ತಿದ್ದಿಕೊಂಡರು. ಜನರ ವಿಶ್ವಾಸ ಮರಳಿ ಬಂದುದರಲ್ಲಿ ಇಂತಹ ನೇರ ನಡೆಯ ಪಾಲು ದೊಡ್ಡದು.

ಮೇಲಿನವರು ಒಪ್ಪದಿದ್ದರೆ

ಎಲ್ಲವನ್ನೂ ಅರಿತ ಮೇಲೂ ಹೊಸಬನ ಕೈಯಲ್ಲಿ ಅಧಿಕಾರವಿರುವುದಿಲ್ಲ. ಆದ್ದರಿಂದ ಹಂತ ಹಂತವಾಗಿ ಮುಂದುವರಿಯಬೇಕು. ಮೊದಲು ಏಕಾಂತದಲ್ಲಿ, ಗೌರವದಿಂದ ತನ್ನ ಆತಂಕವನ್ನು ಹೇಳಬೇಕು. ಬರೀ ‘ಆಗದು’ ಎನ್ನದೆ ಸತ್ಯವಾದ ಇನ್ನೊಂದು ಹೇಳಿಕೆಯನ್ನು ಬರೆದು ಮುಂದಿಡಬೇಕು. ಸುಳ್ಳು ಹೊರಬಿದ್ದರೆ ಸಂಸ್ಥೆಗಾಗುವ ನಷ್ಟವನ್ನು ತೋರಿಸಿಕೊಡಬೇಕು. ಕೊಟ್ಟ ಸಲಹೆಯನ್ನು ಬರಹದಲ್ಲಿ ಉಳಿಸಿಕೊಳ್ಳಬೇಕು. ಅಗತ್ಯವಾದರೆ ಇನ್ನೂ ಮೇಲಿನವರಿಗೆ ತಿಳಿಸಬೇಕು. ಎಷ್ಟೋ ಅಧಿಕಾರಿಗಳು ಗಾಬರಿಯಲ್ಲಿ ಸುಳ್ಳಿಗೆ ಕೈಚಾಚುತ್ತಾರೆ, ಒಳ್ಳೆಯ ದಾರಿ ಕಂಡರೆ ಒಪ್ಪುತ್ತಾರೆ. ಒಪ್ಪದಿದ್ದರೆ ಆ ಸುಳ್ಳನ್ನು ತಾನು ಬರೆಯಲಾರೆನೆಂದು ಸ್ಪಷ್ಟವಾಗಿ ಹೇಳಬೇಕು. ಜನರಿಗೆ ಹಾನಿ ಮಾಡುವ ಸುಳ್ಳೇ ದಿನದ ಕೆಲಸವಾದರೆ ಬೇರೆ ಕೆಲಸ ಹುಡುಕಬೇಕು.

ಇದನ್ನು ಹೇಳುವುದು ಸುಲಭ. ಮನೆ ಬಾಡಿಗೆ, ತಂಗಿಯ ಮದುವೆ, ತಂದೆಯ ಔಷಧಿ ಕಣ್ಣೆದುರಿಗಿರುವಾಗ ಮಾಡುವುದು ಕಷ್ಟ. ಇಲ್ಲಿ ಮನೆಯವರ ಹೊಣೆ ಆರಂಭವಾಗುತ್ತದೆ. ಮಗ ಅಥವಾ ಮಗಳು ಕೆಲಸಕ್ಕೆ ಸೇರಿದಾಗ ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತೇವೆ. ಅಲ್ಲಿ ಏನು ಬರೆಯಬೇಕಾಗುತ್ತದೆ, ಮನಸ್ಸಿಗೆ ಒಪ್ಪುತ್ತದೆಯೇ ಎಂದು ಎಷ್ಟು ಮಂದಿ ಕೇಳುತ್ತೇವೆ? ಹರಾಮ್ ಆಹಾರ ಅಡಿಗೆ ಮನೆಗೆ ಬಾರದಂತೆ ಕಾಯುವ ತಾಯಿ, ಆ ಅಡಿಗೆಯ ಹಣ ಯಾರನ್ನಾದರೂ ವಂಚಿಸಿ ಬಂದುದೇ ಎಂದು ವಿಚಾರಿಸುವುದೂ ಅಷ್ಟೇ ಅಗತ್ಯ. ‘ಸುಳ್ಳು ಬರೆಯಲಾರದೆ ಕೆಲಸ ಬಿಟ್ಟೆ’ ಎಂದು ಮಗ ಮನೆಗೆ ಬಂದ ದಿನ, ‘ಲೋಕವೇ ಹೀಗಿದೆ, ನೀನೊಬ್ಬ ಸರಿಪಡಿಸುವೆಯಾ?’ ಎಂದು ಗದರದೆ, ಮುಂದಿನ ಕೆಲಸ ಸಿಗುವವರೆಗೆ ಖರ್ಚನ್ನು ಕಡಿಮೆ ಮಾಡಿಕೊಂಡು ಅವನ ಜೊತೆ ನಿಲ್ಲುವ ಕುಟುಂಬಗಳು ನಮ್ಮಲ್ಲಿ ಹೆಚ್ಚಬೇಕಾಗಿದೆ.